ಸಾಸೇಜು, ಸಲಾಡು ಮತ್ತು ನಿಮ್ಮಪ್ಪ

ಬೋಖುಮ್
17 ಫೆಬ್ರವರಿ 1994

ಪ್ರೀತಿಯ ಫ್ರೌಕೆ,

ಹೇಗಿದ್ದೀಯ? ಕಾಲು ಊದಿಕೊಳ್ಳುತ್ತಿದೆಯೇ? ಯೆನ್ಸ್ ಅಡುಗೆಮನೆಗೆ ಕಾಲಿಡುತ್ತಾನೋ, ಇಲ್ಲ ಈಗಲೂ ಎಲ್ಲ ನಿನ್ನ ತಲೆಗೇ ಕಟ್ಟಿದ್ದಾನೋ? ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬೆಳಗಾಗುವ ಮುಂಚೆ ಪೇಪರಿನ ಕಟ್ಟು ಬಿಚ್ಚಿ ಅಂಗಡಿ ತೆರೆಯಬೇಕು. ಸಂಜೆ ನಿಮ್ಮಪ್ಪನನ್ನು ಮೆಟ್ಟಿಲು ಹತ್ತಿಸಿ ಸೂಪು ಕುಡಿಸುವಷ್ಟರಲ್ಲಿ ನನಗೆ ಪೆನ್ನು ಹಿಡಿಯುವ ತ್ರಾಣವೂ ಉಳಿದಿರುವುದಿಲ್ಲ. ಫೋನ್ ಮಾಡಿದರೆ ಯೆನ್ಸ್ ಎತ್ತಿಕೊಂಡು, "ಮಲಗಿದ್ದಾಳೆ ಅತ್ತೆ" ಅನ್ನುತ್ತಾನೆ. ಯಾವ ಹೊತ್ತಿಗೆ ಮಾಡಿದರೂ ಮಲಗಿಯೇ ಇರುತ್ತೀಯಲ್ಲ ಮಗಳೇ?

ನಿನ್ನ ಸಿಟ್ಟು ನನಗೆ ಗೊತ್ತು. ಮೊದಲನೆಯದು ಹೊಟ್ಟೆಯಲ್ಲೇ ಹೋದ ಮೇಲೆ ಈ ಸಲ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ ನೀನು. ಮೊದಲು ಅಪ್ಪನಿಗೇ ಹೇಳಬೇಕೆಂದು ಫೋನ್ ಮಾಡಿದೆ. ರಿಸೀವರನ್ನು ಅವನ ಕಿವಿಗೆ ಹಿಡಿದವಳು ನಾನೇ. "ಅಪ್ಪಾ, ನೀನು ತಾತ ಆಗ್ತೀಯ" ಅಂದೆ ನೀನು. "ಈಗ ಬಂತು ನೋಡು ನಮ್ಮ ಪಾಲಿಗೆ ಸಲಾಡು!" ಅಂದ. ಕಾರು ದಾರಿಯಲ್ಲಿ ಕೈಕೊಟ್ಟಾಗ, ಅಂಗಡಿಯ ಫ್ರಿಜ್ ಸೋರಿದಾಗ ಆಡುವ ಮಾತನ್ನು ಹುಟ್ಟಲಿರುವ ಕೂಸಿಗೆ ಆಡಿಬಿಟ್ಟ. "ಹಾಗಂದ್ರೇನಪ್ಪಾ?" ಅಂತ ನೀನು ಕೇಳಿದರೆ, "ನನಗದು ಸಾಸೇಜು" ಅಂದ. ಏನಾದರೂ ಆಗಿಕೊಳ್ಳಲಿ, ನನಗೇನು ಅಂದ ಹಾಗೆ. ನೀನು ಫೋನ್ ಇಟ್ಟೆ. ನಾನಾಗಿದ್ದರೂ ಇಡುತ್ತಿದ್ದೆ.

ಆದರೆ ಕೇಳು. ಸ್ಟ್ರೋಕ್ ಆದ ಮೇಲೆ ಅಪ್ಪನಿಗೆ ಮಾತು ಬಂತು ಎಂದು ಇಲ್ಲಿ ಎಲ್ಲರೂ ಕುಣಿದರು, ನಿನಗೂ ಹಾಗೇ ಸುದ್ದಿ ಮುಟ್ಟಿತು. ಬಂದದ್ದು ಮಾತಲ್ಲ. ನೀರು ಬೇಕು ಅನ್ನಲು ಬರುವುದಿಲ್ಲ, ನನ್ನ ಹೆಸರು ಬರುವುದಿಲ್ಲ. ಹೊಸದಾಗಿ ಕಟ್ಟಬೇಕಾದ ಮಾತೆಲ್ಲ ಹೋಗಿದೆ, ಜನ್ಮವಿಡೀ ಆಡಿ ಆಡಿ ನಾಲಿಗೆಗೆ ಅಂಟಿದ್ದಷ್ಟೇ ಉಳಿದಿದೆ ಎಂದರು ಡಾಕ್ಟರು. ಯಾವುದು ಬಾಯಿಗೆ ಬರುತ್ತದೋ ಅದು ಹೊರಗೆ ಬೀಳುತ್ತದೆ. ನಿನಗೆ ಬಿದ್ದದ್ದು ಸಲಾಡು.

ನಮ್ಮ ಗಿರಾಕಿಗಳಿಗೆ ಇದು ತಲೆಗೇ ಹೋಗುವುದಿಲ್ಲ. ಅಂಗಡಿಯ ಕಿಟಕಿಯ ಹಿಂದೆ ಸ್ಟೂಲಿನ ಮೇಲೆ ಅವನನ್ನು ಕೂರಿಸಿರುತ್ತೇನೆ. ಗಣಿಯಿಂದ ನಿವೃತ್ತನಾದ ಪಿಯೊಂಟೆಕ್ ದಿನಾ ಬಿಯರ್ ಬಾಟಲಿ ಹಿಡಿದು ಶುರು ಮಾಡುತ್ತಾನೆ: "ಏನಪ್ಪಾ ಎಗೊನ್, ಈ ಸಲ ನಮ್ಮ ಟೀಮು ಗೆಲ್ಲುತ್ತಾ?" ನಿಮ್ಮಪ್ಪ, "ನಿನ್ನ ಬೀರುವಿನಲ್ಲಿ ಕಾಫಿ ಕಪ್ಪುಗಳು ಪೂರ್ತಿ ಇದಾವೇನೋ?" ಅನ್ನುತ್ತಾನೆ. ತಲೆ ನೆಟ್ಟಗಿದೆಯಾ ಅಂತ ಕೇಳಿದ ಹಾಗೇ ಆಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಅಲ್ಲಮ್ಮಾ ಹನ್ನೆಲೋರೆ, ಇವನಿಗೆ ಏನಾಗಿದೆ ಅಂತೀನಿ? ಮೊದಲಿಗಿಂತ ಚುರುಕಾಗಿದಾನೆ!" ಅನ್ನುತ್ತಾನೆ ಪಿಯೊಂಟೆಕ್ ನನಗೆ. ನಾನು ಚಿಲ್ಲರೆ ಎಣಿಸಿ ಕೊಡುತ್ತೇನೆ. ವಿವರಿಸಿ ವಿವರಿಸಿ ಸಾಕಾಗಿದೆ. ಅದೇ ಪಿಯೊಂಟೆಕ್ ಮೊನ್ನೆ ತನ್ನ ತಮ್ಮ ಸತ್ತ ಸುದ್ದಿ ಹೇಳುತ್ತಿದ್ದಾಗ, ದೇವರು ದೊಡ್ಡವನು, ನಿಮ್ಮಪ್ಪ ಏನೂ ಅನ್ನಲಿಲ್ಲ.

ಈಗ ಮುಖ್ಯ ವಿಷಯ. ನೀನು ಫೋನ್ ಇಟ್ಟ ದಿನದಿಂದ ಅವನ ಸರಿಯಿದ್ದ ಎಡಗೈ ಮುಷ್ಟಿ ಕಟ್ಟಿಕೊಂಡಿತು. ಒಂದು ಕೈ ಹೋಯಿತು, ಇನ್ನೊಂದೂ ಹೋಗುತ್ತಿದೆ ಎಂದುಕೊಂಡೆ. ಬಿಸಿನೀರಿನಲ್ಲಿ ಅದ್ದಿದೆ, ಮುಲಾಮು ತಿಕ್ಕಿದೆ, ಒಂದೊಂದೇ ಬೆರಳು ಬಿಡಿಸಿದೆ. ಬಿಟ್ಟ ತಕ್ಷಣ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಚಮಚವನ್ನೂ ಹಿಡಿಯಲೊಲ್ಲ. ನಾನೂ ಮನುಷ್ಯಳೇ, ಒಂದು ದಿನ ರೇಗಿಬಿಟ್ಟೆ.

ಕಾರ್ನಿವಾಲ್ ಹಬ್ಬದ ಸೋಮವಾರ ಪಿಯೊಂಟೆಕ್ ಜಾಮ್ ತುಂಬಿದ ಬನ್ನು ತಂದಿದ್ದ. ನಾನು ಮುಲಾಮು ತಿಕ್ಕುವುದನ್ನು ನೋಡಿ, "ಏನಮ್ಮಾ ಮಾಡ್ತಿದೀಯ? ಅದು ಸೆಡೆತ ಅಲ್ಲ. ಹೆಬ್ಬೆರಳು ಒಳಗಿದೆ ನೋಡು. ಯಾರಿಗೋ ಒಳ್ಳೇದಾಗಲಿ ಅಂತ ಒತ್ತಿ ಹಿಡಿದಿದಾನೆ" ಅಂದ. ನೋಡಿದೆ. ಹೌದು. ನಿನ್ನ ಶಾಲೆಯ ಕೊನೆ ಪರೀಕ್ಷೆಯ ದಿನ ಇದೇ ಕಿಟಕಿಯ ಮುಂದೆ ಬೀದಿಯವರೆಲ್ಲ ಹೆಬ್ಬೆರಳು ಒತ್ತಿಕೊಂಡು ನಿಂತಿದ್ದರಲ್ಲ, ಹಾಗೇ. "ಫ್ರೌಕೆಗಾ? ಮಗುವಿಗಾ?" ಅಂತ ಕೇಳಿದೆ. "ನನಗೆ ಬರೀ ರೈಲ್ವೆ ಸ್ಟೇಷನ್ನೇ ತಿಳೀತಿದೆ" ಅಂದ. ಏನೂ ಅರ್ಥವಾಗದಿದ್ದಾಗ ಆಡುವ ಮಾತು. ಆದರೆ ಕಣ್ಣಿನಿಂದ ಬಳಬಳ ನೀರು ಸುರಿಯುತ್ತಿತ್ತು. ಎಲ್ಲ ಅರ್ಥವಾಗಿತ್ತು ಅವನಿಗೆ.

ಆಮೇಲೆ ನಾನು ಆ ಕೈ ಮುಟ್ಟಿಲ್ಲ. ಸೂಪನ್ನು ನಾನೇ ಕುಡಿಸುತ್ತೇನೆ. ನೀನೊಮ್ಮೆ ಫೋನ್ ಮಾಡು ಫ್ರೌಕೆ. ಅವನು ಸಾಸೇಜು ಅನ್ನಲಿ, ಸಲಾಡು ಅನ್ನಲಿ, ಇಡಬೇಡ. ನಿನ್ನ ದನಿ ಅವನ ಕಿವಿಗೆ ಬೀಳಲಿ, ಸಾಕು.

ಭಾರ ಎತ್ತಬೇಡ. ಹೊತ್ತು ಹೊತ್ತಿಗೆ ಊಟ ಮಾಡು. ತಾಯಿ ಮಗು ಎರಡು ಜೀವವೂ ಸುಖವಾಗಿ ಬೇರೆಯಾಗಲಿ. ಇಲ್ಲಿ ನನ್ನ ಎರಡು, ಅವನ ಒಂದು, ಒಟ್ಟು ಮೂರು ಹೆಬ್ಬೆರಳು ನಿಮಗಾಗಿ ಒತ್ತಿಕೊಂಡಿವೆ.

ನಿನ್ನ ಅಮ್ಮ,
ಹನ್ನೆಲೋರೆ

ಮರೆತಿದ್ದೆ: "ಇನ್ನು ಇವರ ಬಾಯಲ್ಲಿ ಇಂಥ ತಮಾಷೆಯ ಮಾತಷ್ಟೇ, ಹೆಂಡತಿಯಾಗಿ ನಿಮಗೆ ಕಷ್ಟವಾಗುತ್ತೆ" ಅಂತ ಡಾಕ್ಟರು ಹೇಳಿದಾಗ ತಲೆಯಾಡಿಸಿ ಬಂದೆ. ಮದುವೆಯಾದಾಗಿನಿಂದ ನನಗೆ ಸಿಕ್ಕಿದ್ದೂ ಇಷ್ಟೇ ಎಂದು ಅವರಿಗೆ ಹೇಗೆ ಹೇಳಲಿ? ನನ್ನ ಮೇಲೆ ಪ್ರೀತಿ ಇದೆಯಾ ಅಂತ ಕೇಳಿದಾಗಲೆಲ್ಲ ಬೀರುವಿನ ಕಪ್ಪುಗಳನ್ನು ಎಣಿಸಿಕೋ ಅಂದು ನಗಿಸಿಬಿಡುತ್ತಿದ್ದ. ವಯಸ್ಸಾಗಿ ಅಂಗಡಿ ಮುಚ್ಚಿ ಇಬ್ಬರೇ ಕೂತಾಗ ನಗದೆ ಒಮ್ಮೆ ಕೇಳೋಣ ಎಂದಿದ್ದೆ, ಅಷ್ಟರಲ್ಲಿ ಅವನ ಮಾತೇ ಹೋಯಿತು. ನಿನಗಾದರೂ ಆ ಮುಷ್ಟಿ ಇದೆ. ಅದನ್ನು ನೋಡಿ ನನಗೆ ಸಂತೋಷವಾಯಿತು, ಆಮೇಲೆ ಉಗ್ರಾಣಕ್ಕೆ ಹೋಗಿ ಖಾಲಿ ಬಾಟಲಿಗಳ ನಡುವೆ ಕೂತು ಅತ್ತೆ.