ಸ್ಪರ್ಧೆಯ ದಿನ ಕಿತ್ತುಹೋದ ಬ್ರಾ

ಲೆವುಕಾ, ಒವಲಾವು ದ್ವೀಪ
ಆಗಸ್ಟ್ 31, ಭಾನುವಾರ ಸಂಜೆ

ಮುದ್ದಿನ ಮಗಳು ಲೋಸನಾಗೆ,

ಹೇಗಿದ್ದೀಯಾ ತಾಯಿ? ಬ್ರಿಸ್ಬೇನಿನ ಚಳಿ ಇಳಿಯಿತೇ? ವೃದ್ಧಾಶ್ರಮದ ಮುದುಕರನ್ನು ಎತ್ತಿ ಇಳಿಸಿ ಸೊಂಟ ಹಿಡಿದಿದೆ ಅಂದಿದ್ದೆಯಲ್ಲ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಯಾರ ಕೈಯಲ್ಲಾದರೂ ತಿಕ್ಕಿಸಿಕೋ, ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಳ್ಳಬೇಡ. ನಾನು ಗಟ್ಟಿಯಾಗಿದ್ದೇನೆ. ಬೆನ್ನಿನ ಮೇಲೆ ಒಂದು ಕೆಂಪು ಗುರುತಿದೆ, ಅಷ್ಟೇ. ಅದರ ಕಥೆ ಹೇಳಲೆಂದೇ ಕೂತೆ. ಫೋನಿನಲ್ಲಿ ಹೇಳಹೋದರೆ ನಗು ಬಂದು ಮಾತು ಮುಗಿಯುವುದಿಲ್ಲ.

ಈ ಸಲ ರಾಜಧಾನಿ ಸುವಾದಲ್ಲಿ ನಡೆದ ಚರ್ಚುಗಳ ಹಾಡಿನ ಸ್ಪರ್ಧೆಯಲ್ಲಿ ನಮ್ಮ ತಂಡ ನಡೆಸಿದ್ದು ನಾನು. ಇಪ್ಪತ್ತೆರಡು ವರ್ಷ ನಡೆಸಿದ ನಿನ್ನ ಅಪಿಸಾಯಿ ದೊಡ್ಡಪ್ಪ ಮಂಡಿ ನೋವೆಂದು ಹಾಡು ನಡೆಸುವ ಕೋಲನ್ನು ನನ್ನ ಕೈಗಿಟ್ಟರು. ಕೊಟ್ಟವರು ಬಿಟ್ಟರೇ? ಪ್ರತಿ ಅಭ್ಯಾಸಕ್ಕೂ ಬಂದು ಹಿಂದಿನ ಬೆಂಚಿನಲ್ಲಿ ಕೂತು, "ಹೆಂಗಸು ಮುಂದೆ ನಿಂತ್ರೆ ಗಂಡಸರ ದನಿ ಏಳಲ್ಲ ಕಣ್ರೋ" ಅಂತ ಗೊಣಗುವುದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಡು ನನಗೆ ಗೊತ್ತಿತ್ತು, ನಮ್ಮವರ ಗಂಟಲೂ ಗೊತ್ತಿತ್ತು. ಕೈಕೊಟ್ಟದ್ದು ನನ್ನ ಬಿಳಿ ಬ್ರಾ.

ಅದು ನೀನು ಊರು ಬಿಡುವ ಮೊದಲೇ ಹಳೆಯದಾಗಿತ್ತು. ಎಲಾಸ್ಟಿಕ್ ಬೆಂದ ನೂಡಲ್ಸಿನಂತೆ ಸಡಿಲ. ಬಲಗಡೆಯ ತಂತಿ ಬಟ್ಟೆ ಹರಿದುಕೊಂಡು ಕಂಕುಳಿಗೆ ಚುಚ್ಚುತ್ತಿತ್ತು ಅಂತ ಹೋದ ವಾರ ಎರಡೂ ತಂತಿಗಳನ್ನು ಇಕ್ಕಳದಲ್ಲಿ ಎಳೆದು ಬಿಸಾಕಿದೆ. ತಂತಿ ಹೋದಮೇಲೆ ಭಾರವೆಲ್ಲ ಭುಜದ ಪಟ್ಟಿಗಳ ಮೇಲೆ ಬಿತ್ತು, ಅವಕ್ಕೆ ಎರಡೆರಡು ಹೊಲಿಗೆ ಹಾಕಿದೆ. ನೀನು ಬೈಯುತ್ತೀಯ, ಕ್ರಿಸ್‌ಮಸ್ಸಿಗೆ ಎರಡು ಹೊಸದು ಕಳಿಸಿದ್ದೆನಲ್ಲ ಅಂತ. ಮಗಳೇ, ನೀನು ಕಳಿಸಿದ್ದು ನೀನು ಬಿಟ್ಟುಹೋದ ಅಮ್ಮನ ಅಳತೆಗೆ. ಈಗಿನ ಅಮ್ಮ ಅದರೊಳಗೆ ಹಿಡಿಯುವುದಿಲ್ಲ. ಎರಡನ್ನೂ ನಮ್ಮ ಬಲೆ ಹೆಣೆಯುವ ವಾಸಿತಿಯ ಸೊಸೆಗೆ ಕೊಟ್ಟೆ. ಇಲ್ಲಿಯ ಅಂಗಡಿಯಲ್ಲಿ ಸಿಗುವುದಂತೂ ಎರಡು ಕರವಸ್ತ್ರ ಸೇರಿಸಿ ಕಟ್ಟಿದಂಥದ್ದು.

ಶುಕ್ರವಾರ ಬೆಳಗ್ಗೆ ಮೈದಾನದ ಬೇಲಿಯ ಹತ್ತಿರ, ನಮ್ಮ ಬಸ್ಸಿನ ಪಕ್ಕ, ಅರವತ್ತು ಜನರೂ ಬಿಳಿ ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದರು. ನಮಗಿಂತ ಮುಂಚೆ ಒಂದೇ ತಂಡ ಬಾಕಿ. ಕೊನೆಯ ಸಲ ಸ್ವರ ಹಿಡಿಸಲು ಎರಡೂ ಕೈ ಎತ್ತಿದೆ ನೋಡು, ಬೆನ್ನಿನಲ್ಲಿ ಟಪ್ಪೆಂದಿತು. ಎಡಗಡೆಯ ಪಟ್ಟಿ ಬುಡಸಮೇತ ಕಿತ್ತುಬಂತು. ಒಂದು ಕಡೆ ಗೋಪುರ, ಇನ್ನೊಂದು ಕಡೆ ಕುಸಿದ ಗುಡ್ಡ! ಎದುರಿಗಿದ್ದ ಗಂಡಸರೆಲ್ಲ ಒಟ್ಟಿಗೆ ಕಣ್ಣನ್ನು ನೆಲಕ್ಕೆ ಹಾಕಿದರು. ಮರ್ಯಾದಸ್ತರು, ಪಾಪ. ಆದರೆ ಹಾಡು ನಡೆಸುವವಳ ಕೈ ನೋಡದೆ ಯಾರು ಹಾಡುತ್ತಾರೆ?

ದೊಡ್ಡಪ್ಪ ನನ್ನ ಹಿಂದೆ ಇದ್ದರು, ಅವರಿಗೇನೂ ಕಾಣಲಿಲ್ಲ. ನಾನು ಕೈ ಮಡಚಿ ಎದೆಗೆ ಒತ್ತಿಕೊಂಡದ್ದಷ್ಟೇ ಕಂಡಿತು. "ಏನು ಉನೈಸಿ, ಕೈ ನಡುಗ್ತಾ ಇದೆಯಾ? ಕೋಲು ಇತ್ತ ಕೊಡು, ನಾನೇ ನಡೆಸ್ತೀನಿ" ಅಂದರು. "ಕೈಗೇನೂ ಆಗಿಲ್ಲ ಭಾವ, ಐದು ನಿಮಿಷ ಕೊಡಿ" ಅಂದವಳೇ ವಾಸಿತಿಯ ರಟ್ಟೆ ಹಿಡಿದು ಬಸ್ಸಿನ ಹಿಂದಕ್ಕೆ ಎಳೆದುಕೊಂಡು ಹೋದೆ. ಬಲೆ ಹೆಣೆಯುವವಳ ಚೀಲದಲ್ಲಿ ದಾರ, ಕತ್ತರಿ ಇಲ್ಲದೆ ಇರುತ್ತದೆಯೇ! ಇಬ್ಬರು ಹುಡುಗಿಯರು ಚಾಪೆ ಎತ್ತಿ ಮರೆ ಹಿಡಿದರು. ಯಾರೋ ಪಿನ್ನು ಚಾಚಿದರು. ವಾಸಿತಿ ತಳ್ಳಿಬಿಟ್ಟಳು: "ಈ ಭಾರಕ್ಕೆ ಪಿನ್ನು ಬಾಯಿ ಬಿಡುತ್ತೆ. ಹಾಡಿನ ಮಧ್ಯೆ ಇವಳು ಅಯ್ಯೋ ಅಂದ್ರೆ ನೀವು ಅದನ್ನೂ ಸ್ವರ ಅಂತ ಹಾಡಿಬಿಡ್ತೀರಿ."

ಬರೀ ದಾರ ಭುಜ ಕೊಯ್ಯುತ್ತದೆ ಅಂತ ತನ್ನ ಬ್ರಾದ ಒಂದು ಪಟ್ಟಿಯನ್ನೇ ಕತ್ತರಿಸಿ ತೆಗೆದಳು! ಬೇಡವೇ ಅಂದರೆ, "ನಾನು ಹಿಂದಿನ ಸಾಲು, ಕೈ ಎತ್ತೋ ಹಾಗಿಲ್ಲ. ಇಳಿದ್ರೆ ಇಳೀಲಿ, ಐವತ್ತು ದಾಟಿದ್ಮೇಲೆ ಎಲ್ಲಿಗೆ ಓಡಿಹೋಗುತ್ತೆ?" ಅಂದಳು. ಹೇರ್‌ಪಿನ್ನಿನಲ್ಲಿ ತೂತು ಮಾಡಿ, ಪಟ್ಟಿಯನ್ನು ಬೆನ್ನ ಮೇಲೆ ಓರೆಯಾಗಿ ಹಾಯಿಸಿ, ಮೀನಿನ ದಾರದಲ್ಲಿ ಬಲೆಯ ಗಂಟು ಬಿಗಿದಳು. ನನ್ನ ಉಸಿರೇ ನಿಂತಿತು. "ಸಮುದ್ರ ಎಳೆದ್ರೂ ಬಿಚ್ಚಲ್ಲ. ಹೋಗು" ಅಂತ ಬೆನ್ನಿಗೆ ಗುದ್ದಿದಳು.

ಹೋದೆ. ಕೈ ಎತ್ತಿದೆ. ಅರವತ್ತು ಜೋಡಿ ಕಣ್ಣೂ ಮೇಲೆದ್ದವು. ಗಂಟು ಬೆನ್ನೆಲುಬಿಗೆ ಒತ್ತುತ್ತಿತ್ತು, ಸ್ವಲ್ಪ ಬಗ್ಗಿದರೂ ಚುಚ್ಚುತ್ತಿತ್ತು. ಹಾಗಾಗಿ ನೆಟ್ಟಗೆ ನಿಂತೆ. ಗಂಡಸರ ದನಿ ಎದ್ದಿತು, ಲೋಸನಾ. ಎಂಥಾ ದನಿ! ಪಕ್ಕದ ಬೇಲಿಯಾಚೆ ಊಟ ಕಟ್ಟುತ್ತಿದ್ದವರೂ ಕೈ ನಿಲ್ಲಿಸಿದರಂತೆ. ಹತ್ತೊಂಬತ್ತು ತಂಡಗಳಲ್ಲಿ ನಮ್ಮದು ಮೂರನೆಯದು. ನಿನ್ನಪ್ಪ ಇದ್ದಾಗ ಒಮ್ಮೆ ಆರನೆಯದು ಬಂದದ್ದೇ ನಮ್ಮ ದೊಡ್ಡಸ್ತಿಕೆಯಾಗಿತ್ತು.

ವಾಪಸು ಬರುವ ಹಡಗಿನಲ್ಲಿ ದೊಡ್ಡಪ್ಪ ಚಹಾ ಹಿಡಿದು ಪಕ್ಕ ಬಂದು ಕೂತರು. "ಕೊನೇ ಸ್ವರನ ಅಷ್ಟು ಹೊತ್ತು ಹಿಡಿಸಿದ್ಯಲ್ಲ, ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಲಿ ಆಗಿರ್ಲಿಲ್ಲ" ಅಂದರು. "ಕೈ ಇಳಿಸಿದ್ರೆ ಗಂಟು ಜಾರುತ್ತೇನೋ ಅಂತ ಭಯ ಆಯ್ತು ಭಾವ" ಅಂತ ಎಲ್ಲವನ್ನೂ ಹೇಳಿಬಿಟ್ಟೆ. ಚಹಾ ಮೂಗಿಗೇರಿ ಕೆಮ್ಮಿ ಕೆಮ್ಮಿ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ನಾನು ಕೋಲು ಕೇಳಬಾರದಿತ್ತು" ಅಂದರು. ಆ ಮನುಷ್ಯನ ಬಾಯಿಂದ ಇಂಥ ಮಾತು ನಾನು ಕೇಳಿದ್ದು ಇದೇ ಮೊದಲು.

ಮನೆಗೆ ಬಂದರೆ ಗಂಟು ಬಿಚ್ಚಲೇ ಇಲ್ಲ. ಕತ್ತರಿಸಿ ತೆಗೆದೆ. ಕೊಂಡಿಗಳನ್ನು ಬಿಚ್ಚಿ ಡಬ್ಬಿಗೆ ಹಾಕಿಟ್ಟು, ಉಳಿದದ್ದನ್ನು ತೆಂಗಿನ ಸಿಪ್ಪೆಯ ಜೊತೆ ಸುಟ್ಟೆ. ಅಳಲಿಲ್ಲ. ಇನ್ನು ಕಳಿಸುವುದಾದರೆ ನಾಲ್ಕು ಕೊಂಡಿಯದು, ಅಗಲ ಪಟ್ಟಿಯದು ಕಳಿಸು, ಜಾಲರಿ ಗೀಲರಿ ಬೇಡ. ಇನ್ನೊಂದು ವಾಸಿತಿಗೆ.

ದೇವರು ನಿನ್ನ ಸೊಂಟವನ್ನೂ ಸಂಬಳವನ್ನೂ ಕಾಯಲಿ. ಬೀದಿಯವರೆಲ್ಲ ನಿನ್ನ ಕ್ಷೇಮ ಕೇಳಿದರು ಅಂತ ತಿಳಿ.

ನಿನ್ನ ಅಮ್ಮ,
ಉನೈಸಿ

ಮರೆತೆ: ಜನವರಿಯಲ್ಲಿ ಬ್ರಿಸ್ಬೇನಿಗೆ ಬಂದು ನನ್ನ ಜೊತೆಯೇ ಇದ್ದುಬಿಡು ಅಂತ ಕರೆದಿದ್ದೆಯಲ್ಲ, ಟಿಕೆಟ್ ತೆಗೆಯಬೇಡ. ಇವತ್ತು ಆರಾಧನೆ ಮುಗಿದ ಮೇಲೆ ಮುಂದಿನ ವರ್ಷವೂ ತಂಡ ನಡೆಸಬೇಕಾದವಳು ನಾನೇ ಅಂತ ಎಲ್ಲರೂ ಕೈ ಎತ್ತಿದರು, ನಾನು ಹೂಂ ಅಂದೆ. ನಿನ್ನನ್ನು ಕೇಳದೆಯೇ ಅಂದೆ, ಬೇಸರ ಮಾಡಿಕೊಳ್ಳಬೇಡ. ನಿನ್ನನ್ನು ನೋಡಿ ಹೋಗಲು ಎರಡು ವಾರ ಬರುತ್ತೇನೆ, ಈಸ್ಟರ್ ಆದಮೇಲೆ. ಅದೂ ಒಂದೇ ಒಂದು ಬುಧವಾರ ತಪ್ಪಿಸಿ, ಅದರ ಮುಂದಿನ ಬುಧವಾರದೊಳಗೆ ವಾಪಸು. ಬುಧವಾರ ಅಭ್ಯಾಸ.