ಮೂರನೆಯ ಬಟ್ಟಲು ಕಾಫಿ

ಓರಿಕ್ಸ್ ಶಿಬಿರ, ಒಮಾನ್

ಪ್ರೀತಿಯ ಅತ್ತೆಗೆ ಸಲಾಮು.

ನಾವು ಕಾಯುವ ಬಿಳಿ ಓರಿಕ್ಸ್ ಜಿಂಕೆಗಳಲ್ಲಿ ಒಂದರ ಮರಿ, ಕಡಲ ಕಡೆಯಿಂದ ಈ ಮರುಭೂಮಿಗೆ ಬರುವ ಮಂಜಿನಲ್ಲಿ ತಪ್ಪಿಸಿಕೊಂಡು ಮೂರು ದಿನವಾಗಿತ್ತು. ಗೊರಸಿನ ಜಾಡು ಹಿಡಿದು ಹೋಗಿದ್ದ ಕಾವಲುಗಾರ ಲುವೈತಿ ಕಾಕಾ ಇವತ್ತು ಬೆಳಿಗ್ಗೆ ಮರಳಿದರು. ಓಡಿಹೋಗಿ, "ಏನು ಸುದ್ದಿ?" ಎಂದೆ. "ಒಳ್ಳೇದೇ, ದೇವರ ದಯೆ" ಎಂದು ಕಾಫಿಗೆ ಕೂತರು. ಮನೆಯೇ ಸುಟ್ಟುಹೋಗಿದ್ದರೂ ಇಲ್ಲಿನವರು ಮೊದಲು ಹೇಳುವುದು ಅದನ್ನೇ! ಮೊದಲ ಬಟ್ಟಲಿಗೆ ಬಾವಿಯ ನೀರಿನ ಕಥೆ, ಎರಡನೆಯದಕ್ಕೆ ತಮ್ಮನ ಒಂಟೆಯ ಕೆಮ್ಮು.

"ಕಾಕಾ, ಮರಿ ಏನಾಯ್ತು ಹೇಳಿ!" ಎಂದು ಕೂಗಿಯೇ ಬಿಟ್ಟೆ.

"ಬಾಯಿ ಮುಚ್ಚೇ! ಬಂದ ಮನುಷ್ಯ ಗಂಟಲು ತೇವ ಮಾಡ್ಕೊಳ್ಳೋದು ಬೇಡ್ವಾ?" ಎಂದು ಅವರ ಹೆಂಡತಿ ಗದರಿದರು.

ಕಾಕಾ ಮೂರನೆಯ ಬಟ್ಟಲನ್ನೂ ಕುಡಿದು, ಸಾಕೆಂದು ಅಲ್ಲಾಡಿಸಿ ಕೆಳಗಿಟ್ಟರು. "ಮರಿ ತಾಯಿ ಹತ್ರ ಹಾಲು ಕುಡೀತಾ ಇದೆ ಕಣಮ್ಮ. ಅದಕ್ಕೂ ನಿನ್ನ ಹಾಗೇ ತಾಳ್ಮೆ ಇಲ್ಲ" ಎಂದರು. ನಾನು ಗಳಗಳ ಅತ್ತುಬಿಟ್ಟೆ.

ಬಿಸಿಲಿಗೆ ಸುಲಿದಿದ್ದ ನನ್ನ ಮೂಗು ವಾಸಿಯಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಸುದ್ದಿ ಒಳ್ಳೆಯದೇ, ಅತ್ತೆ: ಈ ತಿಂಗಳು ನಾನು ನಮ್ಮೂರು ಸ್ಫಾಕ್ಸ್‌ಗೆ ಬರುವುದಿಲ್ಲ, ಇನ್ನೊಂದು ವರ್ಷ ಇಲ್ಲೇ ಇರುತ್ತೇನೆ. ಅಪ್ಪನಿಗೆ ಮಾತ್ರ ಮೂರನೆಯ ಬಟ್ಟಲು ಮುಗಿದ ಮೇಲೆ ಹೇಳಿ.

ನಿಮ್ಮ ರಾದಿಯಾ