ಅರ್ಧ ಎತ್ತಿದ ಕೈ

ಸರ್ಕಾರಿ ಆಸ್ಪತ್ರೆ, ಟಿ. ನರಸೀಪುರ
ಭಾನುವಾರ, 2003

ಶಿವನಂಜಮ್ಮನವರಿಗೆ ನಮಸ್ಕಾರ.

ಅವಸರದಲ್ಲಿ ಹೇಳದೆ ಬಂದುಬಿಟ್ಟೆ. ನಾಳೆ ಸೋಮವಾರ ಅಂತ ನನ್ನ ರೂಮನ್ನೂ ಸಾರಿಸಿಬಿಡ್ತೀರೇನೋ ಅಂತ ಭಯ. ಅದಕ್ಕೇ ಇಲ್ಲಿಂದ ನಂಜನಗೂಡಿಗೆ ಹೊರಟಿರೋ ಒಬ್ಬ ಅಣ್ಣನ ಕೈಲಿ ಈ ಕಾಗದ. ದಯವಿಟ್ಟು ಬಾಗಿಲು ತೆಗೀಬೇಡಿ.

ಮೇಜಿನ ಮೇಲಿರೋದು ನಮ್ಮವ್ವನ ಹಾಗೇ ನಾನು ಮಾಡಿರೋ ಮಣ್ಣಿನ ಗೊಂಬೆ. ಬಲಗೈಯನ್ನ ಎಳ್ಳಷ್ಟು ಅಲುಗಿಸಿ ಒಂದು ಫೋಟೋ, ಮತ್ತೆ ಎಳ್ಳಷ್ಟು ಅಲುಗಿಸಿ ಇನ್ನೊಂದು. ಎಲ್ಲ ಜೋಡಿಸಿ ಓಡಿಸಿದರೆ ಅವ್ವ ಕೈಯೆತ್ತಿ ಕರೀತಾಳೆ. ನಾನು ಹಿಂದೆ ಮಾಡಿದ ಗೊಂಬೆ ಹೀಗೇ ಟಿವಿಲಿ ನಡೆದಾಗ ನೀವೇ ಅಂದ್ರಲ್ಲ, "ಇದ್ಕೂ ಜೀವ ಅದೆ ಕಣವ್ವಾ" ಅಂತ. ಈಗ ಕೈ ಅರ್ಧಕ್ಕೆ ನಿಂತಿದೆ. ಯಾರೂ ಮುಟ್ಟೋದು ಬೇಡ.

ಇಲ್ಲಿ ಅವ್ವನ ಬಲಗೈ ಸ್ವಾಧೀನ ತಪ್ಪಿದೆ. ಬಂದಾಗಿನಿಂದ ಅದನ್ನೇ ಹಿಡ್ಕೊಂಡು ಕೂತಿದ್ದೀನಿ. ಎಳ್ಳಷ್ಟು ಅಲುಗಿದರೂ ಸಾಕು.

ನಿಮ್ಮ ಮಹಡಿ ರೂಮಿನ,
ದಿವ್ಯ